ಎಡಗಡೆಯ ಮಣೆ

ಮೊದಲು ಕಂಡದ್ದು ಬಣ್ಣ.

ಕಾರ್ತಿಕದ ಒಂದು ಸಂಜೆ ದೇವರಕೋಣೆಯ ಜಗಲಿಯ ಮೇಲಿನ ದೇವರಿಗೆ ದೀಪ ಹಚ್ಚಿ ಕೈಮುಗಿದು ನಿಂತಿದ್ದೆ. ದೀಪದ ಕುಡಿಯ ಸುತ್ತ ಒಂದು ಉಂಗುರ ಎದ್ದಿತು. ಕೆಂಪು, ಹಳದಿ, ನೀಲಿ. ಮಳೆಬಿಲ್ಲನ್ನು ಬಾಗಿಸಿ ಬಳೆ ಮಾಡಿ ದೀಪಕ್ಕೆ ತೊಡಿಸಿದಂತಿತ್ತು. ಮೈ ಜುಮ್ಮೆಂದಿತು. ಅಲ್ಲೇ ಅಡ್ಡಬಿದ್ದೆ.

ಅತ್ತೆಯವರಿಗೆ ಹೇಳಿದೆ. ಅವರು ನನ್ನ ಗಲ್ಲ ಹಿಡಿದು, "ಪುಣ್ಯಾ ಮಾಡೀದಿ ಶಾಂತಾ. ಐವತ್ತು ವರ್ಷದಿಂದ ದೀಪಾ ಹಚ್ಚಾಕತ್ತೇನಿ, ನನಗ ಒಂದಿನಾನೂ ಕಾಣಲಿಲ್ಲ ನೋಡು," ಎಂದರು. ಆ ಮಾತಿನಲ್ಲಿ ಸಣ್ಣ ಹೊಟ್ಟೆಕಿಚ್ಚೂ ಇತ್ತು. ನನಗೆ ಅದೂ ಹಿತವಾಯಿತು. ಸುಳ್ಳೇಕೆ ಹೇಳಲಿ.

ಆಮೇಲೆ ವಾರಕ್ಕೆ ಒಂದು ಸಲ, ಎರಡು ಸಲ ಬಣ್ಣ ಬರತೊಡಗಿತು. ಬಂದ ದಿನ ಎಡಹುಬ್ಬಿನ ಮೇಲೆ ಯಾರೋ ಬಡಿದಂತೆ ತಲೆನೋವು. ಆ ನೋವನ್ನು ನಾನು ಬಣ್ಣಕ್ಕೆ ಜೋಡಿಸಲಿಲ್ಲ. ನಮ್ಮದು ಬ್ಯಾಡಗಿ. ನಮ್ಮ ಮನೆಯವರಿಗೆ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ತೂಕದ ಕೆಲಸ. ಸುಗ್ಗಿಯ ದಿನಗಳಲ್ಲಿ ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಮನೆಮಂದಿಯೆಲ್ಲ ಸೀನಬೇಕು. ನಾನೂ ಮನೆಯಲ್ಲೇ ಕೂತು ಚೀಲಗಟ್ಟಲೆ ಕಾಯಿಯ ತೊಟ್ಟು ಮುರಿಯುತ್ತಿದ್ದೆ. ಕಣ್ಣು ಕೆಂಪಾದರೆ, ನೀರು ಸುರಿದರೆ, ಮಂಜಾದರೆ ನಮ್ಮೂರಲ್ಲಿ ಯಾರೂ ಕಾರಣ ಹುಡುಕುವುದಿಲ್ಲ. ಘಾಟು ಎನ್ನುತ್ತೇವೆ, ತಣ್ಣೀರು ಹಾಕಿ ತೊಳೆದುಕೊಳ್ಳುತ್ತೇವೆ.

ಕೆಂಪನ್ನು ಘಾಟಿಗೆ ಬಿಟ್ಟೆ. ಬಣ್ಣವನ್ನು ದೇವರಿಗೆ ಬಿಟ್ಟೆ. ಡಾಕ್ಟರಿಗೆ ತೋರಿಸಲು ಏನೂ ಉಳಿದಿರಲಿಲ್ಲ.

ಮಗಳು ಪವಿತ್ರಾಗೆ ಆಗ ಎಂಟು ವರ್ಷ. ನಮಗೆ ಒಬ್ಬಳೇ ಮಗಳು. ನಾನು ರೊಟ್ಟಿ ಬಡಿಯಲು ಕೂತರೆ ನನ್ನ ಎಡಗಡೆ ಮಣೆ ಹಾಕಿಕೊಂಡು ಅವಳೂ ಕೂರುತ್ತಿದ್ದಳು. ಅದು ಅವಳ ಜಾಗ. ಮಗ್ಗಿ ಒಪ್ಪಿಸುತ್ತ, ನಡುನಡುವೆ ಹಿಟ್ಟಿನಲ್ಲಿ ಬೆರಳಾಡಿಸಿ ಚಿತ್ರ ಬರೆಯುತ್ತ, ಮೊದಲ ರೊಟ್ಟಿ ಹಂಚಿನಿಂದ ಇಳಿದರೆ ಸಾಕು ಕಸಿದು ತಿನ್ನುತ್ತ.

ಶಿವರಾತ್ರಿಗೆ ಎರಡು ವಾರವಿತ್ತು. ಬೆಳಿಗ್ಗೆ ಒಲೆಯ ಮೇಲೆ ಎಸರು ಕುದಿಯಿತು. ಜೋಳದ ಹಿಟ್ಟಿಗೆ ಕುದಿಯುವ ನೀರನ್ನೇ ಹಾಕಬೇಕಲ್ಲ. ಪಾತ್ರೆ ಇಳಿಸಿದೆ. ತಿರುಗಿದೆ. ದಿನವೂ ಸುರಿಯುವಂತೆ ಹಿಟ್ಟಿನ ಪರಾತಕ್ಕೆ ಸುರಿದೆ.

ಹಿಟ್ಟಿನಲ್ಲಿ ಅವಳ ಕೈ ಇತ್ತು.

ನನಗೆ ಕಾಣಲಿಲ್ಲ.

ಆ ಕೂಗನ್ನು ಇಲ್ಲಿ ಬರೆಯಲಾರೆ. ಮೊಳಕೈವರೆಗೆ ಗುಳ್ಳೆ ಎದ್ದವು. ಮುಖಕ್ಕೆ ಸಿಡಿಯಲಿಲ್ಲ, ಶಿವನ ದಯೆ. ವಾಸಿಯಾದ ಮೇಲೆ ಬೆರಳು ಮಡಚಲು ಬಂದವು, ಅದೂ ಅವನದೇ ದಯೆ. ಡ್ರೆಸ್ಸಿಂಗ್ ಮಾಡಿದ ಡಾಕ್ಟರು ನನ್ನನ್ನೇ ನೋಡುತ್ತಿದ್ದರು.

"ಅಲ್ರಿ ಅಕ್ಕಾರ, ಹುಡುಗಿ ಮಗ್ಗಲದಾಗ ಕುಂತಿದ್ಲು. ಕೈ ಪರಾತದಾಗಿತ್ತು. ಹ್ಯಾಂಗ ಕಾಣಲಿಲ್ಲ?"

ನನಗೂ ಅದೇ ತಿಳಿಯುತ್ತಿರಲಿಲ್ಲ. ಅವರು, "ನನ್ನ ಮೂಗು ನೋಡ್ರಿ, ಕಣ್ಣು ಅಳ್ಳಾಡಿಸಬ್ಯಾಡ್ರಿ. ಈಗ ಈ ಬಟ್ಟು ಎಷ್ಟದಾವ ಹೇಳ್ರಿ," ಎಂದರು.

"ಯಾವ ಬಟ್ಟು ರೀ?" ಎಂದೆ.

ಬೆರಳು ಎತ್ತಿ ಹಿಡಿದ ಅವರ ಕೈ ನನ್ನ ಎಡಗಿವಿಯಿಂದ ಒಂದು ಗೇಣು ದೂರದಲ್ಲಿತ್ತಂತೆ.

ಹಾವೇರಿಯ ಕಣ್ಣಿನ ಡಾಕ್ಟರು ಮೆಲುದನಿಯವರು. ಕಣ್ಣಿಗೆ ಡ್ರಾಪ್ಸ್ ಹಾಕಿ, ಮಿಷನ್ ಮುಂದೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ದೀಪದ ಸುತ್ತಲೂ ಬಣ್ಣ ಕಾಣತಿತ್ತೇನ್ರಿ?"

ಇವರಿಗೆ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯವಾಯಿತು. ಸ್ವಲ್ಪ ಸಂಕೋಚದಿಂದಲೇ ಹೇಳಿದೆ: "ಕಾಣತಿತ್ರಿ. ದೇವರ ದಯಾ."

ಅವರು ಪೆನ್ನು ಕೆಳಗಿಟ್ಟರು. "ಅದು ಗ್ಲಾಕೋಮಾ ರೀ ಅಕ್ಕಾರ. ಕಣ್ಣೊಳಗ ಪ್ರೆಶರ್ ಏರಿದಾಗ ಹಂಗ ಕಾಣತೈತಿ. ನಿಮ್ಮ ಆಪ್ಟಿಕ್ ನರ್ವ್, ಅಂದ್ರ ಕಣ್ಣಿನ ನರ, ಒಣಗೈತಿ. ಹೋದದ್ದು ವಾಪಸ್ ಬರೂದಿಲ್ಲ. ಉಳದದ್ದು ಉಳಿಸಿಕೊಳ್ಳೋಣು."

ನಾನು ಅಡ್ಡಬಿದ್ದದ್ದು ಅದಕ್ಕೆ.

ಯಾವ ಕಡೆ ಎಷ್ಟು ಕಾಣುತ್ತದೆ ಎಂದು ಅಳೆಯುವ ಫೀಲ್ಡ್ ಟೆಸ್ಟಿಗೆ ಹುಬ್ಬಳ್ಳಿಗೆ ಕಳಿಸಿದರು. ಒಂದು ಬಿಳಿ ಬೋಗುಣಿಯಂಥದರಲ್ಲಿ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ. ಆಮೇಲೆ ಚುಕ್ಕೆಗಳು ನಿಂತೇಹೋದವು. ಕಾದೆ. "ಯವ್ವಾ, ಮಿಷನ್ ಬಂದ್ ಆತೇನು?" ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದೆ.

"ಇಲ್ರಿ ಅಮ್ಮಾ, ನಡದೈತಿ."

ಎಡಗಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಮೂಗಿನ ಕಡೆಯ ಅರ್ಧ ಹೋಗಿತ್ತು. ಎರಡೂ ಕಣ್ಣಿಗೆ ಲೇಸರ್ ಮಾಡಿದರು. ದಿನಕ್ಕೆ ಮೂರು ಹೊತ್ತು ಡ್ರಾಪ್ಸ್, ಬದುಕಿರುವವರೆಗೆ. ಎದುರಿನದು ಕಾಣುತ್ತದೆ, ಎಡಗಡೆಯದು ಇಲ್ಲ. ಅಲ್ಲಿ ಕತ್ತಲೆ ಇದೆ ಎಂದು ಜನ ತಿಳಿಯುತ್ತಾರೆ. ಕತ್ತಲೆ ಇದ್ದಿದ್ದರೆ ನನಗೆ ಮೊದಲೇ ಗೊತ್ತಾಗುತ್ತಿತ್ತು, ಅಂಜುತ್ತಿದ್ದೆ. ಅಲ್ಲಿ ಏನೂ ಇಲ್ಲ. ನಮ್ಮ ಬೆನ್ನ ಹಿಂದೆ ನಮಗೆ ಹೇಗೆ ಏನೂ ಕಾಣುವುದಿಲ್ಲವೋ ಹಾಗೆ. ಆದರೆ ಪೂಜೆಗೆ ಕೂತು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ಇಟ್ಟರೆ ಲಿಂಗ ಕಾಣುತ್ತದೆ. ಶಿವ ಅಷ್ಟನ್ನು ಬಿಟ್ಟಿದ್ದಾನೆ.

ಪವಿಯ ಕೈ ವಾಸಿಯಾಯಿತು. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಅಡುಗೆಮನೆಯ ಹೊಸ್ತಿಲಾಚೆ ಕೂರತೊಡಗಿದಳು, ಅಷ್ಟೇ. ಅವಳ ಮಣೆ ಗೋಡೆಗೆ ಒರಗಿ ನಿಂತಿತ್ತು.

"ಬಾ ಪವಿ, ಇಲ್ಲೆ ಕುಂದ್ರು ಬಾ. ಬಿಸಿ ರೊಟ್ಟಿ ಕೊಡತೇನಿ."

"ಇಲ್ಲೇ ಛಲೋ ಐತಿ ಅವ್ವಾ."

ನಾನು ಎದ್ದು ಹೋಗಿ ಕೊಟ್ಟರೆ ಎಡಗೈ ಹಿಂದೆ ಕಟ್ಟಿಕೊಂಡು ಬಲಗೈ ಚಾಚುತ್ತಿದ್ದಳು. ಕಣ್ಣು ಹೋದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು. ದೇವರ ಮುಂದೆ ಕೂತು ಕೇಳಿದ್ದು ಕಣ್ಣನ್ನಲ್ಲ. ಅವಳು ಮತ್ತೆ ನನ್ನ ಮಗ್ಗುಲಿಗೆ ಬರಲಿ ಎಂದು.

ಆರೈಕೆಗೆಂದು ಅಣ್ಣ ನನ್ನನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋದ. ಪವಿ ಬರಲಿಲ್ಲ. "ಸಾಲಿ ಐತಿ," ಎಂದಳು. ಸಾಲಿಗೆ ಸೂಟಿ ಬಿಟ್ಟು ಮೂರು ದಿನವಾಗಿತ್ತು.

ಅಣ್ಣ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಬಸ್ಸಿನಲ್ಲಿ ಮಕ್ಕಳು ಅತ್ತರೆ ಅವನಲ್ಲೊಂದು ಜಾದೂ ಇತ್ತು. ಕೈಯೊಳಗಿನ ನಾಣ್ಯ ಮಾಯವಾಗುತ್ತಿತ್ತು, ಮಗುವಿನ ಕಿವಿಯಿಂದ ಹೊರಬರುತ್ತಿತ್ತು. ಪವಿ ಸಣ್ಣವಳಿದ್ದಾಗ ಅದನ್ನು ನೋಡಿ ಅವನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೇಳಿದೆ, "ಅಣ್ಣಾ, ಅದನ್ನ ನನಗ ಕಲಿಸು."

"ನಿನಗ? ಜಾದೂ ಮಾಡಾವ್ರಿಗೆ ನಾಕು ಕಣ್ಣು ಬೇಕು ತಂಗಿ. ನಿನ್ನ ಕಡೆ ಇರೂದು ಅರ್ಧಾ."

ಅವನೊಬ್ಬನೇ ಹಾಗೆ ಹೇಳಬಲ್ಲ. ಎಸರು ಚೆಲ್ಲಿದ ದಿನದಿಂದ ಅಂದೇ ಮೊದಲು ನಕ್ಕದ್ದು ನಾನು.

ಕೇಳಿದರೆ ಸುಲಭ. ನಾಣ್ಯವನ್ನು ಒಂದು ಕೈಯ ಬೆರಳ ತುದಿಯಲ್ಲಿ ಹಿಡಿಯಬೇಕು. ಇನ್ನೊಂದು ಕೈ ಅದನ್ನು ತೆಗೆದುಕೊಂಡಂತೆ ನಟಿಸಿ ಮುಷ್ಟಿ ಕಟ್ಟಬೇಕು. ನಾಣ್ಯ ಮಾತ್ರ ಮೊದಲಿನ ಕೈಯಲ್ಲೇ ಜಾರಿ ಬೆರಳ ಬುಡದಲ್ಲಿ ಅಡಗಬೇಕು. ನನ್ನದು ಅಡಗುತ್ತಿರಲಿಲ್ಲ, ಬೀಳುತ್ತಿತ್ತು. ಬಿದ್ದದ್ದು ಎಡಕ್ಕೆ ಉರುಳಿದರೆ ಅದು ಖರೇನೇ ಮಾಯ. ಸದ್ದು ಹಿಡಿದು ನೆಲ ಸವರುತ್ತ ಅಂಬೆಗಾಲಿಡುತ್ತಿದ್ದೆ. ಒಂದು ದಿನ ನಾಣ್ಯ ಸಿಗಲಿಲ್ಲ. ಮಂಚದ ಕೆಳಗೆ ತಲೆ ಇಟ್ಟುಕೊಂಡೇ ಅತ್ತುಬಿಟ್ಟೆ. ಅಣ್ಣ ಎಬ್ಬಿಸಲಿಲ್ಲ. ಇನ್ನೊಂದು ನಾಣ್ಯ ತಂದು ನನ್ನ ಪಕ್ಕ ನೆಲದ ಮೇಲಿಟ್ಟು ಹೋದ.

ನಾಣ್ಯವನ್ನು ನೋಡಲು ಹೋದರೇ ಬೀಳುತ್ತದೆ ಎಂದು ಆಮೇಲೆ ತಿಳಿಯಿತು. ತೊಟ್ಟು ಮುರಿಯುವಾಗ ನಾನೇನು ಕಾಯಿ ನೋಡುತ್ತಿದ್ದೆನೇ? ಬೆರಳಿಗೆ ಬಿಟ್ಟುಬಿಟ್ಟೆ. ಹತ್ತನೆಯ ದಿನಕ್ಕೋ ಏನೋ ನಾಣ್ಯ ತನ್ನ ಜಾಗ ತಿಳಿದುಕೊಂಡಿತು.

ಅಣ್ಣ ತೊಡೆ ತಟ್ಟಿದ. "ಹೊಸದಾಗಿ ಕಲಿಯಾವ್ರೆಲ್ಲಾ ನಾಣ್ಯಾ ಬಚ್ಚಿಟ್ಟ ಕೈನ ನೋಡತಾರ, ಸಿಕ್ಕಿಬೀಳತಾರ. ನೀ ನೋಡೂದಿಲ್ಲ. ಭೇಷ್."

ಒಂದು ತಕರಾರು ಮಾತ್ರ ಮೊದಲ ದಿನವೇ ಎದ್ದಿತ್ತು. ಅವನು ನಾಣ್ಯವನ್ನು ಅಡಗಿಸುವುದು ಎಡಗೈಯಲ್ಲಿ. ನಾನು ಒಲ್ಲೆ ಎಂದೆ. "ಲಿಂಗಾ ಹಿಡಿಯೂ ಕೈ ಅಣ್ಣಾ ಅದು. ಅದರಾಗ ಸುಳ್ಳು ಹ್ಯಾಂಗ ಹಿಡೀಲಿ?"

"ಹುಚ್ಚಿ, ಬಲಗೈಯಾಗ ಇಟ್ರ ನಿನ್ನ ಎಡಕ್ಕ ಕುಂತಾವ್ರಿಗೆ ಅಂಗೈ ಕಾಣತೈತಿ. ಎಡಕ್ಕ ಯಾರೂ ಇರದಂಗ ನೋಡಿಕೊಂಡು ಮಾಡಬೇಕು. ನಿನಗ ಆ ಕಡೆನ ಕಾಣೂದಿಲ್ಲ."

"ನನ್ನ ಎಡಕ್ಕ ಈಗ ಯಾರು ಕುಂದ್ರತಾರ ಅಣ್ಣಾ?" ಎಂದೆ.

ಅಣ್ಣ ನಾಣ್ಯ ಎತ್ತಿಕೊಂಡ. ಬಲಗೈಯಲ್ಲೇ ಕಲಿಸಿದ.

ಬ್ಯಾಡಗಿಗೆ ಮರಳಿದ ಮರುದಿನ ರೊಟ್ಟಿ ಮುಗಿಸಿ, ಒಲೆ ಆರಿಸಿ, ಕೈ ತೊಳೆದು ಕೂತೆ. ಪವಿಯನ್ನು ಕರೆದೆ. "ಅಲ್ಲೇ ಕುಂತು ನೋಡು, ಒಳಗ ಬರಬ್ಯಾಡ. ಅವ್ವ ಒಂದು ಜಾದೂ ಕಲತು ಬಂದಾಳ."

"ನೀನಾ?" ಎಂದು ಹೊಸ್ತಿಲಿನಿಂದ ನಕ್ಕ ಸದ್ದು.

ಹೊಸ್ತಿಲಿನ ಕಡೆ ಮುಖ ಮಾಡಿ, ಕಣ್ಣು ಮಾತ್ರ ಎಡಗೈಯ ಮೇಲಿಟ್ಟು, ಅಣ್ಣ ಬಸ್ಸಿನಲ್ಲಿ ಆಡುತ್ತಿದ್ದ ಮಾತನ್ನೆಲ್ಲ ಆಡಿದೆ. ಸೆರಗು ಜಾಡಿಸಿ ತೋರಿಸಿದೆ. ನಾಣ್ಯ ಎತ್ತಿ ಹಿಡಿದೆ. ಎಡಗೈ ಬಂತು, ತೆಗೆದುಕೊಂಡಂತೆ ಮಾಡಿತು, ಮುಷ್ಟಿ ಕಟ್ಟಿತು. ನಾಣ್ಯ ಬಲಗೈಯೊಳಗೆ ಸದ್ದಿಲ್ಲದೆ ಜಾರಿತು. ಅಷ್ಟು ಚೆನ್ನಾಗಿ ರಾಣೆಬೆನ್ನೂರಿನಲ್ಲಿ ಒಂದು ಸಲವೂ ಬಂದಿರಲಿಲ್ಲ. ಮುಷ್ಟಿಗೆ ಊದಿ ಬಿಚ್ಚಿದೆ. ಖಾಲಿ.

"ಎಲ್ಲಿ ಹೋತು ಹೇಳು?"

ಕಣ್ಣೆತ್ತಿದರೆ ಹೊಸ್ತಿಲ ಬಳಿ ಯಾರೂ ಇರಲಿಲ್ಲ. ಎದ್ದು ಹೋದಳು, ಎಂದುಕೊಂಡೆ. ಖಾಲಿ ಬಾಗಿಲಿಗೆ ಕೈ ತೋರಿಸುತ್ತ ಕೂತಿದ್ದೇನೆ.

ಆಗ, ಏನೂ ಇಲ್ಲದ ಕಡೆಯಿಂದ ಒಂದು ಪುಟ್ಟ ಕೈ ಬಂದು ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು. ಆ ಕೈಯ ಚರ್ಮ ನುಣುಪಾಗಿ ಸುಕ್ಕುಸುಕ್ಕಾಗಿತ್ತು. ಅವಳ ಎಡಗೈ. ಸುಟ್ಟ ಕೈ.

"ಇಲ್ಲೇ ಐತಲ್ಲ ಅವ್ವಾ!"

"ಯಾವಾಗ ಬಂದಿ ನೀ?"

"ಆಗಲೇ. ನೀ ಸೆರಗ ಜಾಡಿಸಬೇಕಾದ್ರ. ಎಲ್ಲಾ ಕಾಣತಿತ್ತು ನನಗ. ನಿನಗ ಏನೂ ಬರೂದಿಲ್ಲ ಬಿಡು."

ಎಡಕ್ಕೆ ಕೈ ಚಾಚಿದೆ. ಮಣೆ ಸಿಕ್ಕಿತು. ಮಣೆಯ ಮೇಲೆ ಅವಳು ಸಿಕ್ಕಳು. ಎಣ್ಣೆ ಹಚ್ಚಿದ ತಲೆ, ಒಂದು ಜಡೆ ಬಿಚ್ಚಿಕೊಂಡಿತ್ತು.

ಸಂಜೆ ಮನೆಯವರ ಮೊಬೈಲಿನಿಂದ ಅಣ್ಣನಿಗೆ ಫೋನ್ ಮಾಡಿದೆ. "ಆತೇನ ಜಾದೂ?" ಎಂದ.

"ಇಲ್ಲಣ್ಣಾ, ಸಿಕ್ಕಿಬಿದ್ದೆ. ಅಂಗೈ ಕಾಣತಂತ."

"ಹೇಳಿದ್ನಿಲ್ಲ ನಿನಗ! ಎಡಕ್ಕ ಯಾರಾರ ಕುಂತಿದ್ರೇನು?"

"ಹೂಂ. ಪವಿ ಕುಂತಿದ್ಲು."

ಆ ಕಡೆಯಿಂದ ಅಣ್ಣ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಹೋದ ಕಣ್ಣು ಬಂದಿಲ್ಲ. ಹಾವೇರಿಗೆ ಹೋದಾಗೊಮ್ಮೆ ಡಾಕ್ಟರು "ಪ್ರೆಶರ್ ಹಿಡಿತದಾಗೈತಿ," ಎನ್ನುತ್ತಾರೆ. ಮುಂದೆ ಹೇಗೋ ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಸಂಜೆ ದೀಪ ಹಚ್ಚಿದರೆ ಬರಿಯ ದೀಪ ಕಾಣುತ್ತದೆ, ಸುತ್ತ ಬಣ್ಣವಿಲ್ಲ. ಈಗ ಅದಕ್ಕೇ ಅಡ್ಡಬೀಳುತ್ತೇನೆ. ಬೆಳಿಗ್ಗೆ ಎಸರು ಇಳಿಸುವ ಮುಂಚೆ ಎಡಗೈ ಚಾಚಿ ತಡವುತ್ತೇನೆ. ಕೈಗೆ ತಲೆ ತಾಗಿದರೆ, "ಸರಿ ಅತ್ತಾಗ," ಎನ್ನುತ್ತೇನೆ. ಅವಳು ಮಣೆ ಎಳೆದುಕೊಂಡು ಒಂದು ಗೇಣು ಸರಿಯುತ್ತಾಳೆ. ಒಂದೇ ಗೇಣು.