ತೂತು ಬಿದ್ದ ಫ್ಲಾಪಿ

“ಈ ಫ್ಲಾಪಿಗೆ ತೂತು ಹಾಕಿದವರು ಯಾರ್ರೀ?” ಹೊಸ ಕಂಪ್ಯೂಟರ್ ಆಪರೇಟರ್ ಸಾವಿತ್ರಿ ಫೈಲು ಬಿಚ್ಚುತ್ತ ಕೇಳಿದಳು.

ಎಂಬತ್ತರ ದಶಕದ ಕೊನೆಯಲ್ಲಿ ಕಚೇರಿಗೆ ಬಂದ, ಕಂಪ್ಯೂಟರಿನ ಮಾಹಿತಿ ತುಂಬಿದ ಆ ತೆಳು ಫ್ಲಾಪಿಯನ್ನು ಗುಮಾಸ್ತನಾದ ನಾನೇ ಕಾಗದದಂತೆ ಪಂಚ್ ಮಾಡಿ ದಾರ ಕಟ್ಟಿದ್ದೆ. ಮನೆ ಜಾಗ ಮಂಜೂರಾದವರ ಯಾದಿ ಅದರಲ್ಲಿ ಮಾತ್ರ ಇತ್ತು. ಕೆಡಿಸಿದೆನೆಂದು ಅಂಜಿ, ಕೇಳಲು ಬಂದ ಯರಗುಪ್ಪಿಯ ಕಾಶವ್ವನಿಗೆ “ನಿನ್ನ ಹೆಸರ ಇಲ್ಲಬೇ” ಎಂದು ಮೂರು ಸಲ ಸುಳ್ಳು ಹೇಳಿದ್ದೆ. ಸಾವಿತ್ರಿ ಫೈಲು ಬಿಚ್ಚಿದ ದಿನವೂ ಆಕೆ ಬಾಗಿಲಲ್ಲಿ ಕುಳಿತಿದ್ದಳು.

ತೂತು ಹೊದಿಕೆಯ ಮೂಲೆಗಷ್ಟೇ ಬಿದ್ದಿತ್ತು, ಒಳಗಿನ ತಟ್ಟೆಗೆ ತಾಗಿರಲಿಲ್ಲ. ಸಾವಿತ್ರಿ ಅದನ್ನು ಕಂಪ್ಯೂಟರಿಗೆ ಹಾಕಿದಾಗ ಪರದೆಯಲ್ಲಿ ಹೆಸರುಗಳು ಮೂಡಿದವು. ಓದುಬಾರದ ಕಾಶವ್ವ ಸಾವಿತ್ರಿ ತೋರಿಸಿದ ತನ್ನ ಹೆಸರಿನ ಸಾಲಿಗೆ ಬೆರಳಿಟ್ಟು, “ನಾ ಹೊರಗ ಕುಂತೀನಿ, ಇದು ಒಳಗ ಕುಂತೈತಿ ನೋಡ್ರಿ” ಎಂದು ನಕ್ಕಳು.

ಆ ಜಾಗದಲ್ಲಿ ಕಾಶವ್ವ ಕಟ್ಟಿಸಿದ ಹೊಸ ಮನೆಯ ಊಟದ ಪಂಕ್ತಿಯಲ್ಲಿ ಆಕೆಯ ಮುಂದೆ ತಪ್ಪು ಒಪ್ಪಿಕೊಂಡೆ. “ಮೊದಲ ಉಣ್ರಿ” ಎಂದು ಇನ್ನೊಂದು ಹೋಳಿಗೆ ಹಾಕಿದಳು.