ಹಲ್ಲು ಮುರಿದ ಕ್ಯಾಸೆಟ್

ದಾಂಡೇಲಿಯ ಬಂಗೂರನಗರದ ನಮ್ಮ ಕ್ವಾರ್ಟರ್ಸ್‌ನಲ್ಲಿ ದೇವರಿಗಿದ್ದದ್ದು ಗೋಡೆಯಲ್ಲೊಂದು ಗೂಡು, ನನ್ನ ಹಳೆಯ ಕಂಪ್ಯೂಟರುಗಳಿಗೆ ಎರಡು ಕಪಾಟು. ಈ ಸಂಗತಿಯನ್ನು ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಕಾಗದದ ಮಿಲ್ಲಿನಲ್ಲಿ ದಿನವಿಡೀ ಮೀಟರು ರಿಪೇರಿ ಮಾಡಿ ಬಂದವನು ಮನೆಯಲ್ಲೂ ಸೋಲ್ಡರ್ ಹಿಡಿದು ಕೂತರೆ ಯಾರಿಗೆ ತಾನೇ ಸಹನೆ ಇರುತ್ತದೆ? ರಾಮನಗರದ ಗುಜರಿಗೆ ಗೋವಾ ಕಡೆಯಿಂದ ಬರುತ್ತಿದ್ದ ಸಾಮಾನಿನಲ್ಲಿ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರುಗಳು ಸಿಗುತ್ತಿದ್ದವು. ಹೊಸವು ಬಂದವೆಂದು ಜನ ಅವನ್ನು ತೂಕಕ್ಕೆ ಹಾಕುತ್ತಿದ್ದರು. ಬಿಚ್ಚಿ ಕೂಡ ನೋಡದೆ ತೂಕಕ್ಕೆ ಹಾಕುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ದಾಂಡೇಲಿಯ ತೇವ ಈ ಯಂತ್ರಗಳ ಶತ್ರು. ಮಳೆಗಾಲದಲ್ಲಿ ಕಪಾಟಿನೊಳಗೆ ಸಣ್ಣದೊಂದು ಬಲ್ಬು ಉರಿಸಿಟ್ಟು ಅವನ್ನು ಬೆಚ್ಚಗಿಡುತ್ತಿದ್ದೆ. ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಬೇಕು, ಅದೂ ಮೆಲ್ಲಗೆ.

ಈ ಹುಚ್ಚು ನನ್ನ ಹೊರತು ಇನ್ನೊಬ್ಬರಿಗೆ ಅಂಟಿದ್ದು ಒಮ್ಮೆ ಮಾತ್ರ. ಹಳಿಯಾಳದ ಹತ್ತಿರದ ಹಳ್ಳಿಯಿಂದ ಬಂದು ಇಲ್ಲಿ ಕಾಲೇಜು ಓದುತ್ತಿದ್ದ ಹುಡುಗಿ ಆಕೆ, ಒಕ್ಕಲುತನದ ಮನೆಯವಳು. ಭಾನುವಾರ ಬಂದರೆ ಹೆಂಡತಿ ಕೊಟ್ಟ ಚಹ ಆರಿ ತಣ್ಣಗಾದರೂ ಯಂತ್ರದ ಮುಂದಿನಿಂದ ಏಳುತ್ತಿರಲಿಲ್ಲ. ನಾನು ರಿಪೇರಿ ಮಾಡಿದ್ದರಲ್ಲಿ ಒಂದನ್ನು ಆಕೆಗೇ ಕೊಟ್ಟೆ. ತಮ್ಮ ಮನೆಯ ಜೋಡೆತ್ತನ್ನು ಟಿವಿಯೊಳಗೆ ನಡೆಸಬೇಕೆಂಬುದು ಆಕೆಯ ಆಸೆ. ಕೊಂಬು, ಹಿಣಿಲು, ಬಾಲ ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಬರೆದಿದ್ದಳು. ನಾನು ನೋಡಿದಾಗ ಕಾಲು ಇರಲಿಲ್ಲ.

"ಕಾಲ ಕಡೀಕ ಬರೀತೇನಿ ರೀ ಸರ್, ರಜಾದಾಗ," ಅಂದಳು.

ಆ ಕಂಪ್ಯೂಟರಿಗೆ ಮರೆವು ಹೆಚ್ಚು. ಕರೆಂಟು ಹೋದರೆ ಬರೆದದ್ದೆಲ್ಲ ಹೋಯಿತು. ಉಳಿಸಬೇಕೆಂದರೆ ಟೇಪ್ ರೆಕಾರ್ಡರಿಗೆ ಜೋಡಿಸಿ, ಹಾಡು ತುಂಬುವಂಥದೇ ಕ್ಯಾಸೆಟ್ಟಿಗೆ ತುಂಬಬೇಕು. ಅದನ್ನು ಸುಮ್ಮನೆ ಹಚ್ಚಿ ಕೇಳಿದರೆ ಬರೀ ಕಿರ್ರೆಂಬ ಕರ್ಕಶ ಸದ್ದು. ತುಂಬಿದ ಮೇಲೆ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಹಲ್ಲು ಮುರಿದುಬಿಡು, ಆಗ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ ಎಂದು ಹೇಳಿಕೊಟ್ಟಿದ್ದೆ.

ರಜೆಗೆ ಊರಿಗೆ ಹೋದವಳು ಕಾಮಾಲೆಯಾಗಿ ತೀರಿಕೊಂಡಳು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಬಹಳ ದಿನ ನನಗೆ ಕಪಾಟಿನ ಬಾಗಿಲು ತೆರೆಯುವ ಮನಸ್ಸಾಗಲಿಲ್ಲ.

ಮರುವರ್ಷ ಆಕೆಯ ತಂದೆ ಬಂದರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಗೊಬ್ಬರದ ಚೀಲ, ಅದರಲ್ಲಿ ಮಗಳ ಓಢಣಿ ಸುತ್ತಿದ ಕಂಪ್ಯೂಟರು ಮತ್ತು ಆಕೆಯ ಕ್ಯಾಸೆಟ್. ಕೂರಿಸಿ ಕೇಳಿದರೆ ಸಂಗತಿ ಇಷ್ಟು. ಎತ್ತು ನಡೆಯುತ್ತಿವೆ, ಬಾ ಅಪ್ಪಾ ನೋಡು ಎಂದು ಒಂದು ಸಂಜೆ ಮಗಳು ಕರೆದಿದ್ದಳು. ಅವರು ಕೊಟ್ಟಿಗೆಯಲ್ಲಿ ನಿಜವಾದ ಎತ್ತುಗಳಿಗೆ ನೀರು ಕುಡಿಸುತ್ತಿದ್ದರು. ಇವನ್ನ ಬಿಟ್ಟು ಅವನ್ನೇನು ನೋಡುವುದು, ನಾಳೆ ನೋಡಿದರಾಯಿತು ಅಂದಿದ್ದರು. ಮರುದಿನ ಆಕೆಗೆ ಜ್ವರ. ಅವತ್ತು ನೋಡದೆ ಬಿಟ್ಟದ್ದನ್ನು ಈಗ ನೋಡಬೇಕಿತ್ತು, ಅದಕ್ಕಾಗಿಯೇ ಬಸ್ಸು ಹಿಡಿದು ಬಂದಿದ್ದರು.

ಯಂತ್ರ ಅಟ್ಟದ ಹೊಗೆ ಕುಡಿದು ಕಪ್ಪಾಗಿತ್ತು. ಒಳಗೆ ಇರುವೆ ಗೂಡು ಕಟ್ಟಿತ್ತು, ಕೀಲಿಗಳು ಹಿಡಿದುಕೊಂಡಿದ್ದವು. ಬಿಟ್ಟುಹೋಗಿ ಎಂದೆ. ಮಿಲ್ಲಿಗೆ ರಜೆ ಹಾಕಿ ಕೂತು ತೊಳೆದೆ, ತಿಕ್ಕಿದೆ, ಸುಟ್ಟ ಭಾಗಗಳನ್ನು ನನ್ನದೇ ಇನ್ನೊಂದು ಯಂತ್ರದಿಂದ ಕಿತ್ತು ಹಾಕಿದೆ. ಕೊನೆಗೆ ಪರದೆಯ ಮೂಲೆಯಲ್ಲಿ ಪುಟ್ಟ ಗೆರೆ ಮಿನುಗಿದಾಗ ಒಬ್ಬನೇ ಅತ್ತೆ. ಕ್ಯಾಸೆಟ್ಟನ್ನು ಮಾತ್ರ ಮುಟ್ಟಲಿಲ್ಲ. ಮೊದಲು ನೋಡುವವರು ಅವರೇ ಆಗಲಿ ಎಂದುಕೊಂಡೆ.

ಅವರು ಮತ್ತೆ ಬಂದ ದಿನ ಟಿವಿಯ ಮುಂದೆ ಕುರ್ಚಿ ಹಾಕಿದೆ. ಬೇಡವೆಂದು ನೆಲದ ಮೇಲೆಯೇ ಕೂತರು. ಕ್ಯಾಸೆಟ್ ಹಚ್ಚಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ತಂತಿ ಕಿತ್ತು ಸ್ಪೀಕರಿನಲ್ಲಿ ಕೇಳಿದರೆ ತಾಳ, ದಮ್ಮಡಿ, ಗಂಡಸರ ದನಿ. ಭಜನೆಯ ಪದ.

ಟೇಪು ನಿಲ್ಲಿಸಿ ಕ್ಯಾಸೆಟ್ ತೆಗೆದು ಬೆನ್ನು ನೋಡಿದೆ. ಹಲ್ಲು ಮುರಿದೇ ಇತ್ತು. ಆದರೆ ಆ ತೂತಿನಲ್ಲಿ ಕ್ಯಾಲೆಂಡರಿನ ಚೂರೊಂದನ್ನು ಮಡಚಿ ಮಡಚಿ ತುರುಕಲಾಗಿತ್ತು. ಹಾಗೆ ತುರುಕಿದರೆ ಹಲ್ಲಿಲ್ಲದ ಕ್ಯಾಸೆಟ್ಟೂ ಮತ್ತೆ ತುಂಬುತ್ತದೆಂಬುದು ನಮ್ಮ ಕಡೆ ಮನೆಮನೆಗೂ ಗೊತ್ತಿದ್ದ ವಿದ್ಯೆ. ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ ಎಂದು ಬೈಯಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವರೇ ಕೈ ಚಾಚಿ ಆ ಕಾಗದವನ್ನು ಉಗುರಿನಿಂದ ಹೊರಗೆಳೆದರು.

"ಇದನ್ನ ನಾನ ತುರುಕಿದ್ದೆ ರೀ ಸಾಹೇಬ್ರ. ಕಿರ್ ಅಂತಿತ್ತು, ತುಂಬಿದ್ದು ಕೆಟ್ಟೈತಿ ಅಂತ ತಿಳಿದ್ನಿ. ಎತ್ತು ಕಂಪ್ಯೂಟರದಾಗ ಅದಾವ ಅನ್ಕೊಂಡಿದ್ನಿ."

ಮಗಳು ತೀರಿದ ಮೇಲೆ ಶಿವಗಣಾರಾಧನೆಯ ದಿನ ಊರ ಭಜನೆಯವರು ಬಂದಿದ್ದರು. ಆಕೆಯ ಹೆಸರಿನಲ್ಲಿ ಹಾಡಿದ್ದು ಮನೆಯಲ್ಲಿ ಉಳಿಯಲೆಂದು, ಆಕೆಯದೇ ಕ್ಯಾಸೆಟ್ ಹುಡುಕಿ ತೆಗೆದು ತುಂಬಿಕೊಂಡಿದ್ದರು. ನನ್ನ ಸಿಟ್ಟು ಇಳಿದುಹೋಯಿತು. ಇಳಿದ ಮೇಲೆ ಉಳಿದದ್ದನ್ನು ತಡೆದುಕೊಳ್ಳುವುದು ಸಿಟ್ಟಿಗಿಂತ ಕಷ್ಟವಾಗಿತ್ತು.

ಏನು ಮಾಡಲೂ ತೋಚದೆ ಟೇಪನ್ನು ಮತ್ತೆ ಹಚ್ಚಿದೆ. ಪದ ಮುಗಿಯಲಿಲ್ಲ. ನಡುವೆಯೇ ಕಡಿದು ಕಿರ್ರೆಂಬ ಸದ್ದು ಬಂತು, ಸ್ವಲ್ಪ ಹೊತ್ತು ಕಿರುಚಿ ನಿಂತಿತು. ಅವತ್ತು ಹಾಡಿನ ಮಧ್ಯದಲ್ಲಿ ಕರೆಂಟು ಹೋಗಿ ತುಂಬುವುದು ಅಲ್ಲಿಗೇ ನಿಂತಿತ್ತಂತೆ. ಆಕೆಯದು ಉಳಿದದ್ದು ಆ ಕೊನೆಯ ತುಣುಕಷ್ಟೇ. ಮೊದಲ ಭಾಗವಿಲ್ಲದ್ದನ್ನು ಕಂಪ್ಯೂಟರು ಓದುವುದಿಲ್ಲ, ಎತ್ತು ಇನ್ನು ಬರುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿದೆ.

ಅವರು ಟೇಪ್ ರೆಕಾರ್ಡರನ್ನೇ ನೋಡುತ್ತಿದ್ದರು.

"ಈಗ ಕಿರ್ ಅಂತಲ್ರಿ, ಅದರಾಗ ಏನೈತಿ?"

ಆಕೆ ಕಡೆಗೆ ಬರೆಯುತ್ತೇನೆ ಎಂದದ್ದು ನೆನಪಾಯಿತು. ಕಡೆಗೆ ಬರೆದದ್ದು ಟೇಪಿನಲ್ಲೂ ಕಡೆಗೇ ಇರುತ್ತದೆ.

"ಕಾಲ ಅದಾವ್ರಿ ಯಜಮಾನ್ರ," ಅಂದೆ. "ಎತ್ತಿನ ಕಾಲ."

ಅವರು ಓಢಣಿಯನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು, ಅದಷ್ಟನ್ನೇ ಇನ್ನೊಮ್ಮೆ ಹಚ್ಚಲು ಹೇಳಿದರು.