ಅತಿ ಹಳೆಯ ಮನೆತನದ ಹಿರಿಯರಿಗೆ

ನಾನು ಹುಟ್ಟಿದ್ದು ಜೂನ್ ಒಂದರಂದು. ನನ್ನ ಅಪ್ಪ ಹುಟ್ಟಿದ್ದೂ ಜೂನ್ ಒಂದು, ತಮ್ಮ ಹುಟ್ಟಿದ್ದೂ ಜೂನ್ ಒಂದು. ಮದುವೆಯಾದ ಮೇಲೆ ನೋಡಿದರೆ ಹೆಂಡತಿಯದೂ ಜೂನ್ ಒಂದೇ. ನಮ್ಮ ಮನೆಯ ಗ್ರಹಗತಿಯೇ ವಿಶೇಷ ಎಂದು ಯಾರೂ ತಿಳಿಯಬೇಕಿಲ್ಲ. ಆಗಿನ ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ, ಎಡಗಿವಿ ಮುಟ್ಟಿತೆಂದರೆ ಆರು ವರ್ಷ ತುಂಬಿತು ಎಂದು ಲೆಕ್ಕ ಹಿಡಿದು, ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಹೀಗೆ ಹುಟ್ಟಿದ ದಿನವೇ ನೆಟ್ಟಗೆ ಗೊತ್ತಿಲ್ಲದ ಮನುಷ್ಯನಿಗೆ ಮನೆತನದ ಸೊಕ್ಕು ಇರಬಾರದು. ನನಗಿತ್ತು, ಅದೂ ಚೆನ್ನಾಗಿಯೇ ಇತ್ತು.

ಸೊಕ್ಕಿಗೆ ಆಧಾರ ಕೆಂಚಜ್ಜ. ಗಡಹಿಂಗ್ಲಜದಿಂದ ನೇಸರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಕಬ್ಬಿನ ಹೊಲವಿದೆ. ಅದರ ಮೂಲೆಯ ಬೇವಿನ ಮರದ ಬುಡದಲ್ಲಿ ಒಂದು ಕಲ್ಲಿನ ಕಟ್ಟೆ, ಅದರೊಳಗೆ ಕೆಂಚಜ್ಜ. ಪ್ರತಿ ವರ್ಷ ಗಾಣ ಹೂಡಿದಾಗ ಮೊದಲ ಬೆಲ್ಲದ ಉಂಡೆ ಅವನ ಕಟ್ಟೆಗೆ, ಆಮೇಲೆ ದೇವರಿಗೆ. ಅವನು ಯಾರೆಂದು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದರೆ “ಹಿರ್ಯಾರು” ಎಂದಷ್ಟೇ ಹೇಳಿದ. ನನಗೆ ಅಷ್ಟೇ ಸಾಕಾಯಿತು. ಮುಂದೆ ಇಚಲಕರಂಜಿಯಲ್ಲಿ ಮೂವತ್ತು ವರ್ಷ ನೂಲಿನ ವ್ಯಾಪಾರ ಮಾಡಿದೆನಲ್ಲ, ಆಗ ಮಗ್ಗಗಳ ಗದ್ದಲದಲ್ಲಿ ಗಿರಾಕಿಗಳ ಕಿವಿಗೆ ಬಾಯಿ ಹಚ್ಚಿ ಕೂಗಿ ಕೂಗಿ ಹೇಳುತ್ತ ಕೆಂಚಜ್ಜನಿಗೆ ಮೊದಲು ಒಂದು ಕತ್ತಿ ಕೊಟ್ಟೆ, ನಂತರ ಕುದುರೆ ಕೊಟ್ಟೆ, ವ್ಯಾಪಾರ ಬಿಟ್ಟು ಊರಿಗೆ ಮರಳುವ ಹೊತ್ತಿಗೆ ಅವನನ್ನು ಸರದಾರನನ್ನಾಗಿ ಮಾಡಿ ಮುಗಿಸಿದ್ದೆ.

ಹೋದ ವರ್ಷ ಗಡಹಿಂಗ್ಲಜದ ಟಪಾಲು ಕಚೇರಿಗೆ ಅಮೆರಿಕದಿಂದ ಒಂದು ಪತ್ರ ಬಂತು. ಮೇಲೆ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಗಡಹಿಂಗ್ಲಜದ ಅತಿ ಹಳೆಯ ಮನೆತನದ ಹಿರಿಯರಿಗೆ. ಇಂಥ ವಿಳಾಸ ಬರೆಯುವವರಿಗೆ ನಮ್ಮೂರು ಗೊತ್ತಿಲ್ಲ ಎಂದೇ ಅರ್ಥ. ನಮ್ಮಲ್ಲಿ ಹೊಸ ಮನೆತನ ಎಂಬುದೇ ಇಲ್ಲ. ಎದುರು ಮನೆಯ ದುಂಡಪ್ಪನನ್ನು ಕೇಳಿದರೆ ಊರು ಹುಟ್ಟುವ ಮೊದಲೇ ತನ್ನ ಮನೆಯವರು ಇಲ್ಲಿ ಬಂದು ಊರಿಗಾಗಿ ಕಾಯುತ್ತ ಕುಳಿತಿದ್ದರು ಎನ್ನುತ್ತಾನೆ. ಪತ್ರ ಮೂರು ದಿನ ಕಚೇರಿಯಲ್ಲೇ ಕೊಳೆತು, ನಾಲ್ಕನೆಯ ದಿನ ಟಪಾಲಿನವನು ನನ್ನ ಬಾಗಿಲಿಗೆ ಬಂದ.

“ಸರದಾರ್ರ ಮನಿ ನಿಮ್ದ ಅಲ್ರಿ? ತಗೋರಿ, ಸಹಿ ಮಾಡ್ರಿ.”

ನಾನು ಸಹಿ ಮಾಡಿದ್ದನ್ನು ದುಂಡಪ್ಪ ತನ್ನ ಕಟ್ಟೆಯ ಮೇಲಿಂದ ನೋಡಿದ. ಅವತ್ತು ಅವನು ನನ್ನ ಕೂಡ ಚಹಾ ಕುಡಿಯಲಿಲ್ಲ.

ಬರೆದವಳು ಓಹಾಯೋದ ಮಾರ್ಗರೆಟ್ ಕೆಸ್ಲರ್, ಎಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳು. ಮದುವೆಯಾದವಳಲ್ಲ. ಅವಳ ಮುತ್ತಜ್ಜ ಯಾಕೋಬ ಜರ್ಮನಿಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಬ್ರೆಡ್ಡಿನ ಭಟ್ಟಿ ಇಟ್ಟವನು. ಅವನ ತಮ್ಮ ಜಾರ್ಜ್ ಯಂತ್ರ ಕೂಡಿಸುವವನಾಗಿ ಹಿಂದುಸ್ತಾನಕ್ಕೆ ಬಂದವನು. ಕೊನೆಯ ಪತ್ರದ ಮೇಲೆ ಗಡಹಿಂಗ್ಲಜದ ಮುದ್ರೆ ಇತ್ತಂತೆ. ಆಮೇಲೆ ಮೊದಲನೆಯ ಮಹಾಯುದ್ಧ ಬಂತು, ಪತ್ರ ನಿಂತವು. ಯಾಕೋಬ ತಾನು ಸಾಯುವ ತನಕ ಪ್ರತಿ ಕ್ರಿಸ್‌ಮಸ್ ಊಟಕ್ಕೆ ತಮ್ಮನದೊಂದು ತಾಟು ಇಡಿಸಿ, ಖಾಲಿ ತಾಟಿನ ಎದುರು ಕುಳಿತು ಉಂಡನಂತೆ. ‘ನನ್ನ ನಂತರ ಈ ಹೆಸರಿನವರು ಯಾರೂ ಇಲ್ಲ. ಆತ ಒಬ್ಬನೇ ಸತ್ತನೋ, ಜೊತೆಗೆ ಯಾರಾದರೂ ಇದ್ದರೋ, ಅಷ್ಟು ತಿಳಿದರೆ ಸಾಕು’ ಎಂದು ಬರೆದಿದ್ದಳು. ಕೆಳಗೆ ಈ-ಮೇಲ್ ವಿಳಾಸ ಇತ್ತು.

ಪತ್ರದ ಜೊತೆ ಒಂದು ವಂಶದ ನಕ್ಷೆ ಇತ್ತು. ಬಿಚ್ಚಿದರೆ ಧೋತರದಷ್ಟು ಉದ್ದ. ಹಡಗಿನ ಪಟ್ಟಿ, ಚರ್ಚಿನ ವಹಿ, ಜನಗಣತಿ, ಗೋರಿಕಲ್ಲು ಎಲ್ಲ ಹುಡುಕಿ ಇಪ್ಪತ್ತು ವರ್ಷ ಮಾಡಿದ ಕೆಲಸವಂತೆ. ಯಾರು ಯಾವ ದಿನ ಹುಟ್ಟಿದರು ಎಂಬುದೂ ಇತ್ತು, ಒಬ್ಬನೂ ಜೂನ್ ಒಂದರಂದು ಹುಟ್ಟಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಜರ್ಮನರು ನಮ್ಮವರೇ. ಅಪ್ಪ ಯೋಹಾನ, ಮಗ ಯೋಹಾನ, ಅವನ ಮೂರು ಮಕ್ಕಳಲ್ಲಿ ಇಬ್ಬರು ಯೋಹಾನರು. ಇದರಿಂದ ತಲೆ ಕೆಟ್ಟುಹೋಗಿದೆ ಎಂದು ಅವಳು ಅಂಚಿನಲ್ಲಿ ಬರೆದುಕೊಂಡಿದ್ದಳು. ನಮ್ಮ ಮನೆಯಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ. ಬಸಪ್ಪ, ಮಲ್ಲಪ್ಪ, ಬಸಪ್ಪ, ಮಲ್ಲಪ್ಪ, ಹೀಗೆ ನೂರಾರು ವರ್ಷಗಳನ್ನು ಎರಡೇ ಹೆಸರಿನಲ್ಲಿ ಸಾಗಿಸಿದ್ದೇವೆ. ನಾನು ಬಸಪ್ಪನ ಪಾಳಿಯವನು.

ವಂಶಾವಳಿ ಎಂಬುದೇ ಒಂದು ಮೋಜು. ಒಬ್ಬನಿಗೆ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿ ನಾಲ್ವರು, ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ ಸಾವಿರದ ಇಪ್ಪತ್ನಾಲ್ಕು ಮಂದಿ. ಅವರಲ್ಲಿ ಸರದಾರ ಒಬ್ಬ ಇದ್ದರೂ ಇರಬಹುದು, ಕೋಳಿ ಕದ್ದವರು ಎಷ್ಟೋ ಮಂದಿ ಇದ್ದೇ ಇರುತ್ತಾರೆ. ನಾವು ಮಾತ್ರ ಸಾವಿರ ಮಂದಿಯನ್ನು ಬದಿಗೆ ಸರಿಸಿ ಕುದುರೆ ಇದ್ದವನನ್ನು ಹಿಡಿದುಕೊಂಡು ಕೂರುತ್ತೇವೆ. ಈ ಜ್ಞಾನ ನನಗೆ ಈಗ ಬಂದದ್ದು. ಆಗ ನಾನು ಮಾರ್ಗರೆಟ್‌ಳಿಗೆ ಬರೆದ ಉತ್ತರದಲ್ಲಿ ಜಾರ್ಜನ ಬಗ್ಗೆ ‘ವಿಚಾರಿಸುತ್ತೇನೆ’ ಎಂದು ಒಂದು ಸಾಲು, ಕೆಂಚಜ್ಜ ಸರದಾರನ ಬಗ್ಗೆ ಎರಡು ಪುಟ ಇದ್ದವು. ವಿಚಾರಿಸಲು ಕೊಲ್ಹಾಪುರಕ್ಕೂ ಹೋಗಿಬಂದೆ. ಹಳೆಯ ಕಾಗದ ಸಿಗಲಿಲ್ಲ, ಒಳ್ಳೆಯ ಚಪ್ಪಲಿ ಸಿಕ್ಕವು.

ಸುಗ್ಗಿ ಮುಗಿದ ಮೇಲೆ ನಮ್ಮ ಮನೆಯ ಹೆಳವ ಭೀಮಪ್ಪ ಬಂದ. ಹೆಳವರೆಂದರೆ ನಮ್ಮ ವಂಶಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಕೆಲವು ವರ್ಷಕ್ಕೊಮ್ಮೆ ಬಂದು ಮನೆಯವರ ಮುಂದೆ ಓದಿ, ಕಾಳು ಬಟ್ಟೆ ಪಡೆದು ಹೋಗುವವರು. ಅವನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದ, ಭೀಮಪ್ಪ ಮೋಟಾರ್ ಸೈಕಲ್ ಮೇಲೆ ಬರುತ್ತಾನೆ. ಪುಸ್ತಕ ಮಾತ್ರ ಅದೇ ಕೆಂಪು ಬಟ್ಟೆಯಲ್ಲಿ. ನನ್ನ ಮನೆತನದ ಹಿರಿಮೆ ಕಿವಿಯಾರೆ ಕೇಳಲಿ ಎಂದು ದುಂಡಪ್ಪನನ್ನು ನಾನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅದು ನನ್ನ ಕರ್ಮ.

ಭೀಮಪ್ಪ ರಾಗವಾಗಿ ಓದತೊಡಗಿದ. ಮೂಲಪುರುಷ ಉಪ್ಪಿನ ಎತ್ತು ಹೊಡೆದುಕೊಂಡು ಅಥಣಿ ಕಡೆಯಿಂದ ಬಂದವನು. ಕುದುರೆ ಇಲ್ಲ. ಇರಲಿ, ಮುಂದೆ ಬಂದೀತು ಎಂದು ಕಾದೆ. ಬಸಪ್ಪ, ಮಲ್ಲಪ್ಪರು ಸಾಲಾಗಿ ಹಾದುಹೋಗಿ ನನ್ನ ಮುತ್ತಜ್ಜ ಮಲ್ಲಪ್ಪ ಬಂದ.

“ಮಲ್ಲಪ್ಪನ ಬೆನ್ನಿಗೆ ತಮ್ಮ ಕೆಂಚಪ್ಪ. ಹೊಟ್ಟ್ಯಾಗ ಹುಟ್ಟಿದಾಂವಲ್ಲ, ಮನ್ಯಾಗ ಉಳದಾಂವ. ಜರ್ಮನ್ ಸೀಮಿಯಾಂವ, ಕಬ್ಬಿಣದ ಗಾಣಾ ಕೂಡ್ಸಾಕ ಬಂದಾಂವ. ಅವನ ಅಣ್ಣ ಯಾಕೋಬ ಇನ್ನೊಂದ ಸಮುದ್ರ ದಾಟಿ ಹೋಗ್ಯಾನ. ಕೆಂಚಪ್ಪಗ ಮಕ್ಕಳಿಲ್ಲ. ನೇಸರಿ ದಾರ್ಯಾಗಿನ ಹೊಲದಾಗ ಬೇವಿನ ಗಿಡದ ಬುಡಕ ಮಣ್ಣ ಕೊಟ್ಟಾರ.”

ದುಂಡಪ್ಪ ಬಹಳ ಮೆತ್ತಗೆ ಕೇಳಿದ.

“ನಿಮ್ಮ ಸರದಾರ ಗಾಣದ ಮಿಸ್ತ್ರಿ ಅಂತಾತು. ಕುದರಿ ಎಲ್ಲಿ ಹೋತ್ರಿ ಹಂಗಾರ?”

ನನಗೆ ಸಿಟ್ಟು ಬಂತು. ದುಂಡಪ್ಪನ ಮೇಲೆ ಮಾಡಲಾಗದ ಸಿಟ್ಟನ್ನು ಭೀಮಪ್ಪನ ಮೇಲೆ ಮಾಡಿದೆ. “ಪರದೇಶದಾಂವನ್ನ ನಮ್ಮ ವಂಶದಾಗ ಹೆಂಗ ಬರದಾರೋ? ನಿಮ್ಮಜ್ಜ ಸುಳ್ಳ ಬರದಾನ.”

“ಸುಳ್ಳ ಹೆಂಗಾಕ್ಕೈತ್ರಿ ಸಾವ್ಕಾರ್ರ?” ಎಂದ ಭೀಮಪ್ಪ. “ಜರ್ಮನ್ರ ಕೂಡ ಲಡಾಯಿ ನಡದಿತ್ತು. ಸರ್ಕಾರದ ಮಂದಿ ಜರ್ಮನ್ರನ್ನ ಹಿಡಕೊಂಡ ಹೋಗಾಕ ಬಂದ್ರು. ನಿಮ್ಮ ಮುತ್ತಜ್ಜ ಪಂಚರ ಮುಂದ ನಿಂತು, ಇಂವ ನನ್ನ ತಮ್ಮ ಅಂದ್ರು. ಖರೇ ಇದ್ರ ಹೆಳವರ ಪುಸ್ತಕದಾಗ ತೋರಸ್ರಿ ಅಂತ ಸರ್ಕಾರದವ್ರು ಅಂದ್ರಂತ. ನಮ್ಮಜ್ಜ ಇದಽ ಕಟ್ಟಿ ಮ್ಯಾಲ ಕುಂತಿದ್ದ. ಮನೀ ಹಿರ್ಯಾ ತಮ್ಮ ಅಂದ ಮ್ಯಾಲ ತಮ್ಮನ. ಬರದ. ಜರ್ಮನ್ ಸೀಮಿಯಾಂವ ಅನ್ನೂದನ್ನ ಲಡಾಯಿ ಮುಗದ ಮ್ಯಾಲ ಸೇರ್ಸಿದ. ಬರದದ್ದನ್ನ ನಾವು ಅಳಸಂಗಿಲ್ಲ.”

ಹೆಸರೇ ಹೇಳುವಂತೆ ಕೆಂಚು ಕೂದಲಿನ ಜರ್ಮನನನ್ನೂ ಬಾಣಲೆಯ ತಳದ ಬಣ್ಣದ ನನ್ನ ಮುತ್ತಜ್ಜನನ್ನೂ ಅಕ್ಕಪಕ್ಕ ನಿಲ್ಲಿಸಿ, ಇವರು ಅಣ್ಣತಮ್ಮಂದಿರು ಎಂದು ಪಂಚರು ಹೇಗೆ ಒಪ್ಪಿದರು? ಭೀಮಪ್ಪ ಅದನ್ನೂ ಹೇಳಿದ. ಪಂಚರೆಲ್ಲರ ಕಬ್ಬು ಹೊಲದಲ್ಲಿ ನಿಂತಿತ್ತು, ಗಾಣ ರಿಪೇರಿ ಮಾಡಬಲ್ಲವನು ಕೆಂಚಪ್ಪ ಒಬ್ಬನೇ. ಹೋಲಿಕೆ ಕಾಣದೆ ಇರುತ್ತದೆಯೇ? ಮೂಗು ಥೇಟ್ ಅಣ್ಣನದೇ ಎಂದು ಮೊದಲು ಸಾಕ್ಷಿ ಹೇಳಿದವನು ದುಂಡಪ್ಪನ ಮುತ್ತಜ್ಜನಂತೆ. ದುಂಡಪ್ಪ ಕುದುರೆಯ ವಿಷಯ ಮತ್ತೆ ಎತ್ತಲಿಲ್ಲ.

ದುಂಡಪ್ಪ ಎದ್ದು ಹೋದ ಮೇಲೆ ಒಬ್ಬನೇ ಹೊಲಕ್ಕೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಕುದುರೆ ಹೋದ ದುಃಖ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ನನ್ನ ಮುತ್ತಜ್ಜ ಸರ್ಕಾರದ ಎದುರು ನಿಂತು ಒಬ್ಬ ಪರದೇಶಿಯನ್ನು ತಮ್ಮ ಎಂದ. ನಾನು ಅಂಥವನ ವಂಶದಲ್ಲಿ ಹುಟ್ಟಿ, ಅದು ಸಾಲದೆಂದು ಬಾಡಿಗೆ ಕತ್ತಿ ಹುಡುಕುತ್ತಿದ್ದೆ.

ಮರುದಿನ ಬೆಳಿಗ್ಗೆ ಹೆಂಡತಿಯನ್ನೂ ಭೀಮಪ್ಪನನ್ನೂ ಕರೆದುಕೊಂಡು ಹೊಲಕ್ಕೆ ಹೋಗಿ, ಅಲ್ಲಿಂದಲೇ ಮಾರ್ಗರೆಟ್‌ಳಿಗೆ ವೀಡಿಯೋ ಕಾಲ್ ಮಾಡಿದೆ. ಎರಡು ಪುಟದ ಸರದಾರನನ್ನು ಮೊದಲು ವಾಪಸ್ ಪಡೆದೆ. ನಂತರ ಕಟ್ಟೆ ತೋರಿಸಿದೆ, ಅದರ ಮೇಲೆ ಈ ವರ್ಷದ ಬೆಲ್ಲದ ಉಂಡೆಗೆ ಇರುವೆ ಮುತ್ತಿದ್ದನ್ನೂ ತೋರಿಸಿದೆ. ಆತ ಒಬ್ಬನೇ ಸಾಯಲಿಲ್ಲ, ಸತ್ತ ಮೇಲೂ ಒಂದೇ ಒಂದು ವರ್ಷವೂ ನಾವು ಅವನನ್ನು ಬಿಟ್ಟು ಬೆಲ್ಲ ತಿಂದಿಲ್ಲ ಎಂದೆ. ಯುದ್ಧದ ಕಾಲದಲ್ಲಿ ಅಲ್ಲಿಯೂ ಯಾಕೋಬ ಅಂಗಡಿಯ ಬೋರ್ಡಿನ ಮೇಲಿನ ಜರ್ಮನ್ ಅಕ್ಷರ ಅಳಿಸಿ, ಮನೆಯಲ್ಲಿ ಆ ಭಾಷೆ ಆಡುವುದನ್ನೇ ನಿಲ್ಲಿಸಿದನಂತೆ. ‘ಅಣ್ಣ ಅಲ್ಲಿ ಅಡಗಿದ್ದ, ತಮ್ಮ ನಿಮ್ಮಲ್ಲಿ’ ಎಂದವಳೇ ಅಳತೊಡಗಿದಳು.

“ಅಳಬ್ಯಾಡ್ರಿ ಅಕ್ಕಾರ” ಎಂದಳು ನನ್ನ ಹೆಂಡತಿ, ಕನ್ನಡದಲ್ಲೇ.

ಹಾಗೆಂದರೇನು ಎಂದು ಮಾರ್ಗರೆಟ್ ಕೇಳಿದಳು. ಹೇಳುತ್ತ ಹೇಳುತ್ತ ನಾನೂ ಬೆರಳು ಮಡಿಚಿ ಸಂಬಂಧದ ಲೆಕ್ಕ ಹಾಕಿದೆ. ಮಲ್ಲಪ್ಪನಿಗೆ ಕೆಂಚಪ್ಪ ತಮ್ಮನಾದರೆ ಯಾಕೋಬನೂ ಅಣ್ಣತಮ್ಮನೇ. ನಾನು ಮಲ್ಲಪ್ಪನ ಮರಿಮಗ, ಅವಳು ಯಾಕೋಬನ ಮರಿಮಗಳು. ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಕ್ಕನೇ.

ಹೆಣ್ಣುಮಕ್ಕಳ ಹೆಸರನ್ನು ಹೆಳವರು ಬರೆಯುವ ರೂಢಿಯಿಲ್ಲ ಎಂದು ಭೀಮಪ್ಪ ತಕರಾರು ತೆಗೆದ.

“ಹಂಗಾರ ಜ್ವಾಳದ ಚೀಲಾನೂ ಕೊಡು ರೂಢಿ ಇಲ್ಲ” ಎಂದಳು ನನ್ನ ಹೆಂಡತಿ. ಭೀಮಪ್ಪ ಪೆನ್ನು ತೆಗೆದು, ಯಾಕೋಬನ ಮರಿಮಗಳು ಮಾರ್ಗರೆಟ್ ಎಂದು ಬರೆದ. ಬರೆದದ್ದನ್ನು ಅವರು ಅಳಿಸುವುದಿಲ್ಲ.

ಆ ಪುಟದ ಫೋಟೋ, ಬೇವಿನ ಒಂದು ಎಲೆ, ಒಂದು ಕುಪ್ಪಸದ ಖಣ ಲಕೋಟೆಯಲ್ಲಿ ಹಾಕಿ ಟಪಾಲು ಕಚೇರಿಗೆ ಒಯ್ದೆ. ಕೌಂಟರಿನವನು ವಿಳಾಸ ನೋಡಿ ಕನ್ನಡಕ ಸರಿಮಾಡಿಕೊಂಡ. ಓಹಾಯೋದ ಮನೆ ನಂಬರಿನ ಮೇಲೆ ನಾನು ಬರೆದಿದ್ದೆ: ಗಡಹಿಂಗ್ಲಜದ ಅತಿ ಹಳೆಯ ಮನೆತನದ ಹಿರಿಯರಿಗೆ.

“ಇದು ಇಲ್ಲೀದಽ ಪತ್ತಾ ಅಲ್ರಿ? ಅಮೆರಿಕಾಕ್ಕ ಯಾಕ ಕಳಸಾಕತ್ತೀರಿ?”

“ಹಿರ್ಯಾರು ಸದ್ಯಕ ಅಲ್ಲಿ ಅದಾರ್ರಿ” ಎಂದೆ.